ಪರಿಹಾರ: ಮುಂದಿದ್ದ ‘ನಷ್ಟ’ ಎಲ್ಲಿ ಹೋಯಿತು?

ಹೋದ ವಾರ ಶಿರಸಿಯ ಒಂದು ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ. ಪಕ್ಕದ ಟೇಬಲ್ಲಿನವರು ಮಾತಾಡುತ್ತಿದ್ದರು. “ಅಂವಗೆ ಲಾಟರಿ ಹೊಡದಂಗೇ ಆತು ನೋಡು. ಎಂಟು ಲಕ್ಷ ಪರಿಹಾರ ಬಂತಡ.”

ಅವರು ಹೇಳುತ್ತಿದ್ದ ಮನುಷ್ಯ ನನಗೆ ಗೊತ್ತು. ಕೊನೆಗೌಡ. ಮರದಿಂದ ಮರಕ್ಕೆ ದಾಟಿ ಅಡಿಕೆ ಕೊನೆ ಇಳಿಸುತ್ತಿದ್ದವನು. ಕುಮಟಾ ರಸ್ತೆಯಲ್ಲಿ ಹಿಂದಿನಿಂದ ಬಂದ ಕಾರು ಬೈಕಿಗೆ ಗುದ್ದಿ ಬಲಪಾದದ ಗಂಟು ಪುಡಿಯಾಯಿತು. ಒಳಗೆ ಪ್ಲೇಟು, ಸ್ಕ್ರೂ ಕೂರಿಸಿದ್ದಾರೆ. ಈಗ ಅಂಗಳದ ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುತ್ತಾನೆ. ಮರ ಏರುವಾಗ ಕಾಲಿಗೆ ಹಾಕಿಕೊಳ್ಳುತ್ತಿದ್ದ ತಳೆ ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿದೆ. ಇದು ಲಾಟರಿಯಾ?

ವಕೀಲರೊಬ್ಬರ ಕಚೇರಿಯಲ್ಲಿ ನಾನು 18 ವರ್ಷ ಗುಮಾಸ್ತನಾಗಿದ್ದೆ. ಎಂವಿಸಿ ಕೇಸು ಎಂದು ಕರೆಯುವ ಅಪಘಾತದ ಅರ್ಜಿಗಳನ್ನು ಎಷ್ಟು ಟೈಪ್ ಮಾಡಿದೆನೋ ಲೆಕ್ಕವಿಲ್ಲ. ನಾನು ಟೈಪ್ ಮಾಡುತ್ತಿದ್ದ ಪದ ‘ನಷ್ಟಪರಿಹಾರ’. ಅದು ಕೋರ್ಟಿನ ಗೇಟು ದಾಟಿ ಪೇಪರಿಗೆ, ವಾಟ್ಸಾಪಿಗೆ, ಜನರ ಬಾಯಿಗೆ ಬರುವಷ್ಟರಲ್ಲಿ ‘ನಷ್ಟ’ ಉದುರಿಹೋಗಿರುತ್ತದೆ. ಗೊಂದಲ ಶುರುವಾಗುವುದು ಅಲ್ಲಿಂದ.

ಸಂಸ್ಕೃತದ ‘ಹೃ’ ಧಾತುವಿಗೆ ಒಯ್ಯು, ತೆಗೆದುಕೊಂಡು ಹೋಗು ಎಂಬ ಅರ್ಥ. ಹರಣ, ಅಪಹರಣ ಎಲ್ಲ ಅದರಿಂದಲೇ ಹುಟ್ಟಿದ್ದು. ಮುಂದೆ ಸೇರುವ ಉಪಸರ್ಗ ಬದಲಾದರೆ ಅರ್ಥ ಎಷ್ಟು ದೂರ ಹೋಗುತ್ತದೆ ಎಂದು ತೋರಿಸಲು ಸಂಸ್ಕೃತ ಮೇಷ್ಟ್ರು ಹೇಳಿಕೊಡುವ ಹಳೆಯ ಸಾಲೊಂದಿದೆ: ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ. ಹೊಡೆತ, ಊಟ, ನಾಶ, ತಿರುಗಾಟ, ಕೊನೆಗೆ ನಮ್ಮ ಪದ. ‘ಪರಿ’ ಎಂದರೆ ಸುತ್ತಲೂ. ಸುತ್ತ ಅಂಟಿಕೊಂಡಿದ್ದನ್ನು ತೆಗೆದು ದೂರ ಮಾಡುವುದೇ ಪರಿಹಾರ. ಹಾಗಾಗಿ ಏನನ್ನು ತೆಗೆಯುವುದು ಎಂದು ಮುಂಚೆ ಹೇಳದಿದ್ದರೆ ಈ ಪದ ಅರ್ಧವೇ. ಹಳೆಯ ದಾನಶಾಸನಗಳಲ್ಲಿ ‘ಸರ್ವಬಾಧಾ ಪರಿಹಾರ’ ಎಂದು ಬರುತ್ತದೆ. ಆ ಭೂಮಿಗೆ ತೆರಿಗೆಯ ಕಾಟ ಇಲ್ಲ ಎಂದರ್ಥ. ಗೋಕರ್ಣಕ್ಕೆ ಜನ ಬರುವುದು ದೋಷ ಪರಿಹಾರಕ್ಕೆ. ಬಾಧೆ, ದೋಷ, ಸಮಸ್ಯೆ, ನಷ್ಟ, ಹೀಗೆ ಒಂದು ಕೆಟ್ಟದ್ದು ಮೊದಲು ಇರುತ್ತದೆ. ಪರಿಹಾರ ಅದರ ಹಿಂದೆ ಬರುತ್ತದೆ. ಮುಂದಿನದನ್ನು ಕಿತ್ತರೆ ಉಳಿಯುವುದು ಬರೀ ದುಡ್ಡು. ಆಗ ಅದು ಬಹುಮಾನದ ಹಾಗೆ ಕೇಳಿಸುತ್ತದೆ.

ಕಾರವಾರ ಕಡೆಯ ಹಿರಿಯರ ಬಾಯಲ್ಲಿ ಇದಕ್ಕಿಂತ ಚೆನ್ನಾದ ಮಾತಿದೆ: ‘ನುಕ್ಸಾನ ಭರಪಾಯಿ’. 1956ರ ತನಕ ಮುಂಬೈಗೆ ಸೇರಿದ್ದ ಜಿಲ್ಲೆ ಅಲ್ವಾ, ಮರಾಠಿಯ ಕಚೇರಿ ಮಾತು ಉಳಿದುಕೊಂಡಿದೆ. ‘ಭರ’ ಎಂದರೆ ತುಂಬು. ಕನ್ನಡದಲ್ಲೂ ನಷ್ಟ ತುಂಬಿಕೊಡುವುದು ಎನ್ನುತ್ತೇವೆ. ಗುಂಡಿಗೆ ಮಣ್ಣು ತುಂಬಿದರೆ ನೆಲ ಮಟ್ಟಕ್ಕೆ ಬರುತ್ತದೆ ಅಷ್ಟೆ, ಅಲ್ಲಿ ಗುಡ್ಡ ಏಳುವುದಿಲ್ಲ. ಇದನ್ನು ಕಾರವಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟು ವರ್ಷಗಟ್ಟಲೆ ಕೋರ್ಟಿಗೆ ಅಲೆದವರ ಊರು ಅದು.

ಇನ್ನು ಪೇಪರಿನವರ ‘ಪರಿಹಾರ ಘೋಷಣೆ’. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗಲೂ ಈ ಮಾತು ಓದಿದೆವು. 2025ರ ಜನವರಿ 22ರಂದು ಯಲ್ಲಾಪುರ ತಾಲೂಕಿನಲ್ಲಿ ಸಂತೆಗೆ ಹೊರಟ ವ್ಯಾಪಾರಿಗಳಿದ್ದ ಲಾರಿ ಉರುಳಿ 10 ಮಂದಿ ತೀರಿಕೊಂಡಾಗಲೂ ಓದಿದೆವು. ಸರ್ಕಾರ ಘೋಷಿಸುವುದು ನೆರವು. ತೀರಿಕೊಂಡವರ ವಯಸ್ಸೆಷ್ಟು, ಮನೆಯಲ್ಲಿ ಎಷ್ಟು ಜನ ಎಂದು ಅಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಎಲ್ಲರಿಗೂ ಒಂದೇ ಮೊತ್ತ. ಬೇಕಾದ ಸಹಾಯವೇ, ನನ್ನ ತಕರಾರಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ ನಷ್ಟಪರಿಹಾರವನ್ನು ಯಾರೂ ಘೋಷಿಸುವುದಿಲ್ಲ. ನಷ್ಟ ಎಷ್ಟು ಎಂದು ತೋರಿಸಿ ಕೇಳಬೇಕು. ನೆರವಿನ ಚೆಕ್ಕು ಬಂತು, ಇನ್ನೇನು ಸಿಗುತ್ತದೆ ಎಂದು ಸುಮ್ಮನೆ ಕೂತ ಮನೆಗಳನ್ನು ನಾನು ನೋಡಿದ್ದೇನೆ.

ದಂಡಕ್ಕೂ ಪರಿಹಾರಕ್ಕೂ ಸಂಬಂಧ ಕಟ್ಟುವವರಿದ್ದಾರೆ. “ಡ್ರೈವರ್ ತಪ್ಪೊಪ್ಪಿ ಕೋರ್ಟಿನಲ್ಲಿ ದುಡ್ಡು ಕಟ್ಟಿದ, ಕೇಸು ಮುಗೀತು” ಎನ್ನುತ್ತಾರೆ. ಆ ದುಡ್ಡು ಹೋಗುವುದು ಸರ್ಕಾರಕ್ಕೆ. ಗಾಯಗೊಂಡವರ ಕೇಸು ಬೇರೆ, ಕೂರುವ ಪೀಠ ಬೇರೆ.

ನಷ್ಟ ಎಂದರೆ ಆಸ್ಪತ್ರೆ ಬಿಲ್ಲು ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಬಿಲ್ಲು ಅದರ ಒಂದು ತುಂಡು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋದ ಆಂಬುಲೆನ್ಸ್ ಬಾಡಿಗೆ, ಜೊತೆಗೆ ಕೂತವರ ಖರ್ಚು, ಹಾಸಿಗೆಯಲ್ಲಿದ್ದ ತಿಂಗಳುಗಳ ಕೂಲಿ, ಮುಂದೆ ಪ್ಲೇಟು ತೆಗೆಸುವ ಆಪರೇಷನ್ನು, ಅನುಭವಿಸಿದ ನೋವು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಎಲ್ಲಕ್ಕಿಂತ ದೊಡ್ಡದು ಮುಂದಿನ ದುಡಿಮೆ. ಜನ ಮೋಸ ಹೋಗುವುದೂ ಅಲ್ಲೇ.

ಡಾಕ್ಟರು ಕೊಡುವ ಅಂಗವೈಕಲ್ಯದ ಶೇಕಡಾವಾರು ದೇಹದ್ದು. ದುಡಿಮೆಯ ನಷ್ಟದ ಶೇಕಡಾವಾರು ಬೇರೆ. ಎರಡನ್ನೂ ಒಂದೇ ಎಂದು ಹಿಡಿಯಬಾರದು ಎಂದು ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಬಿಡಿಸಿ ಹೇಳಿದೆ. ಎಡಗೈ ಹೋದರೆ ಬಡಗಿಗೋ ಡ್ರೈವರಿಗೋ ಹೆಚ್ಚುಕಡಿಮೆ ದುಡಿಮೆಯೇ ಹೋದಂತೆ. ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಕೋರ್ಟು ಕೊಟ್ಟ ಉದಾಹರಣೆಯೇ ಇದು.

ಇದನ್ನು ನಮ್ಮ ತೋಟಕ್ಕೆ ತನ್ನಿ. ಮರ ಏರುವವನಿಗೆ 38 ವರ್ಷ, ತಿಂಗಳಿಗೆ 15,000 ರೂಪಾಯಿ ದುಡಿಮೆ ಎಂದಿಟ್ಟುಕೊಳ್ಳಿ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ 36ರಿಂದ 40 ವರ್ಷದವರಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, 15. ವರ್ಷದ 1,80,000ವನ್ನು 15ರಿಂದ ಗುಣಿಸಿದರೆ 27 ಲಕ್ಷ. ಡಾಕ್ಟರು ಆ ಕಾಲಿಗೆ ಶೇಕಡಾ 45 ಎಂದು ಬರೆದರೆ ಮೂರನೇ ಒಂದು ಭಾಗ, ಅಂದರೆ 15ನ್ನು ಇಡೀ ದೇಹಕ್ಕೆ ಹಿಡಿಯುವ ರೂಢಿ ಇದೆ. ಆಗ ಸಿಗುವುದು 4,05,000. ಇವನು ಮತ್ತೆ ಮರ ಏರಲಾರ, ಬೇರೆ ಕೆಲಸ ಕಲಿತಿಲ್ಲ ಎಂದು ಸಾಕ್ಷಿ ಹೇಳಿಸಿ ದುಡಿಮೆಯ ನಷ್ಟ ಶೇಕಡಾ 60 ಎಂದು ಒಪ್ಪಿಸಿದರೆ 16,20,000. ಕಾಲು ಅದೇ, ಪ್ಲೇಟು ಅದೇ. ಅವನು ಏನು ಕೆಲಸ ಮಾಡುತ್ತಿದ್ದ ಎಂದು ಅರ್ಜಿಯಲ್ಲಿ ‘ಕೂಲಿ’ ಎಂದು ಒಂದು ಪದ ಬರೆದು ಕೈತೊಳೆದುಕೊಂಡರೆ ಈ ಅಂತರ ಯಾರಿಗೂ ಕಾಣುವುದೇ ಇಲ್ಲ. ನಾನೂ ಎಷ್ಟೋ ಅರ್ಜಿಗಳಲ್ಲಿ ಹಾಗೇ ಟೈಪ್ ಮಾಡಿದ್ದೇನೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

‘ಥರ್ಡ್ ಪಾರ್ಟಿ’ ಬಗ್ಗೆ ಒಂದೇ ಮಾತು. “ಆ ಕಾರಿಗೆ ಬರೀ ಥರ್ಡ್ ಪಾರ್ಟಿ ಇತ್ತು, ಏನೂ ಸಿಗೋದಿಲ್ಲ” ಎಂದು ಕೈಚೆಲ್ಲಬೇಡಿ. ವಿಮೆ ಮಾಡಿಸಿದ ಮಾಲೀಕ ಒಬ್ಬ, ವಿಮಾ ಕಂಪನಿ ಎರಡನೆಯದು. ಆ ಕಾರಿನಿಂದ ಗುದ್ದಿಸಿಕೊಂಡ ನೀವೇ ಮೂರನೆಯವರು. ಆ ವಿಮೆ ಇರುವುದೇ ನಿಮಗಾಗಿ. ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೂ ದಾರಿ ಇದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ.

‘ರಾಜಿ’ ಎಂಬ ಪದದ ಗತಿಯೂ ಇದೇ ಆಗಿದೆ. ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರು ಲೆಕ್ಕ ನೋಡಿ ಒಪ್ಪುವುದು ರಾಜಿ. ರಸ್ತೆ ಬದಿಯಲ್ಲಿ ನಾಲ್ಕು ಜನ ಸೇರಿ, “ಐದು ಸಾವಿರ ತಗಂಡು ಬಿಡು ತಮಾ, ಪೊಲೀಸು ಗಿಲೀಸು ಯಾಕೆ” ಎನ್ನುವುದು ರಾಜಿ ಅಲ್ಲ. ಮೂಳೆ ಒಡೆದದ್ದು ಮಾರನೇ ದಿನದ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಆಗ ಎಫ್‌ಐಆರ್ ಇರುವುದಿಲ್ಲ, ಪಂಚನಾಮೆ ಇರುವುದಿಲ್ಲ, ಕಾರೂ ಗೋವಾ ದಾಟಿರುತ್ತದೆ.

ಕಾಯ್ದೆಯ ಈಗಿನ ಮಾತಿನಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಅಪಘಾತ ಮಡಗಾಂವದಲ್ಲಿ ಆಗಿದ್ದರೂ ನಿಮ್ಮ ಮನೆ ಕಾರವಾರದಲ್ಲಿದ್ದರೆ ಇಲ್ಲೇ ಹಾಕಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಕೋರ್ಟಿನ ಆವರಣದಲ್ಲೇ ವಿಚಾರಿಸಿ. “ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನನಗೆ” ಎಂದು ಫೀಸು ಗೊತ್ತು ಮಾಡುವುದಕ್ಕೆ ಬಾರ್ ಕೌನ್ಸಿಲ್ ನಿಯಮದ ಒಪ್ಪಿಗೆ ಇಲ್ಲ. ಆಸ್ಪತ್ರೆಯ ಬಾಗಿಲಲ್ಲೇ ನಿಂತು ಹಾಗೆ ಕೇಳುವವರ ಹತ್ತಿರ ಸಹಿ ಹಾಕಬೇಡಿ.

ಮತ್ತೆ ಆ ಕೊನೆಗೌಡನ ಕಡೆ ಬರುತ್ತೇನೆ. ಅವನ ಹೆಂಡತಿ ಔಷಧಿ ಚೀಟಿಗಳನ್ನೆಲ್ಲ ಜವಳಿ ಅಂಗಡಿಯ ಚೀಲದಲ್ಲಿ ಜೋಪಾನ ಮಾಡಿ ತಂದಿದ್ದಳು. ಒಂದೂ ಕಳೆದಿರಲಿಲ್ಲ. ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಬೆಳ್ಳಗೆ, ಒಂದು ಅಕ್ಷರ ಇಲ್ಲ. ಮೆಶಿನ್ನಿನಿಂದ ಬರುವ ಆ ನುಣುಪು ಕಾಗದದ ಅಕ್ಷರ ಶಾಖಕ್ಕೆ ಬೇಗ ಮಾಸಿಹೋಗುತ್ತದೆ. ಚೀಲ ಇದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. “ಎಲ್ಲಾ ಇತ್ತು ಅಣ್ಣ, ನಾನೇ ಎಣಿಸಿ ಇಟ್ಟಿದ್ದೆ” ಎಂದು ಖಾಲಿ ಚೀಟಿಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬಿಲ್ಲು ಕೈಗೆ ಬಂದ ದಿನವೇ ಝೆರಾಕ್ಸ್ ಮಾಡಿಸಿ.