ನುಸಿಗುಳಿಗೆ ಹಾಕಿದರೆ ಟ್ರ್ಯಾಕ್ಟರಿಗೆ ಬಲ ಬರುತ್ತದೆಯೇ?

ಅಮೆರಿಕದ ಓಹಾಯೋ ಮತ್ತು ಮಿಸ್ಸೂರಿಯ ರೈತರು 1929ರಲ್ಲಿ ಟ್ರ್ಯಾಕ್ಟರುಗಳನ್ನು ಪಂದ್ಯಕ್ಕೆ ಇಳಿಸಿದರು. ಅದಕ್ಕೂ ಮೊದಲು ಕುದುರೆಗಳಿಂದ ಭಾರ ಎಳೆಸಿ ಯಾರ ಕುದುರೆ ಗಟ್ಟಿ ಎಂದು ನೋಡುತ್ತಿದ್ದರು. ಕುದುರೆ ಹೋಗಿ ಟ್ರ್ಯಾಕ್ಟರ್ ಬಂತು, ಪೈಪೋಟಿ ಹಾಗೇ ಉಳಿಯಿತು. ಹಿಂದೆ ಒಂದು ಸ್ಲೆಡ್, ಅಂದರೆ ಭಾರ ಹೊರುವ ಜಾರುಬಂಡಿ, ಕಟ್ಟುತ್ತಿದ್ದರು. ಅದು ನೆಲದ ಮೇಲೆ ಉಜ್ಜಿಕೊಂಡು ಹೋಗುವಾಗ ದಾರಿಯುದ್ದಕ್ಕೂ ನಿಂತ ಜನ ಒಬ್ಬೊಬ್ಬರಾಗಿ ಅದರ ಮೇಲೆ ಹತ್ತುತ್ತಿದ್ದರು. ಭಾರ ಏರುತ್ತಾ ಹೋಗಿ ಕೊನೆಗೆ ಟ್ರ್ಯಾಕ್ಟರ್ ನಿಲ್ಲಲೇಬೇಕು. ಈಗ ಜನರ ಬದಲು ಸ್ಲೆಡ್ಡಿನ ಮೇಲಿನ ತೂಕದ ಪೆಟ್ಟಿಗೆಯೇ ಮುಂದಕ್ಕೆ ಸರಿಯುತ್ತದೆ. 300 ಅಡಿ ದಾಟಿದರೆ ಪೂರ್ತಿ ಎಳೆದ ಲೆಕ್ಕ.

ಆಗೆಲ್ಲ ಭಾನುವಾರ ಪಂದ್ಯಕ್ಕೆ ಹೋದ ಟ್ರ್ಯಾಕ್ಟರೇ ಸೋಮವಾರ ಹೊಲ ಉಳಬೇಕಿತ್ತು. ಇಂಜಿನ್ನನ್ನು ಪೂರ್ತಿ ಬಿಚ್ಚಿ ಬದಲಿಸುವ ಧೈರ್ಯ, ದುಡ್ಡು ಎಲ್ಲರಿಗೂ ಇರಲಿಲ್ಲ. ಟ್ಯಾಂಕಿಗೆ ಏನಾದರೂ ಸುರಿಯುವುದು ಸುಲಭ. ಹಾಗಾಗಿ ನುಸಿಗುಳಿಗೆ, ಅಸಿಟೋನ್, ಪೇಂಟ್ ಅಂಗಡಿಯ ಟಾಲ್ಯುಯೀನ್, ಕಲ್ಲಿದ್ದಲಿನಿಂದ ಬರುವ ಬೆಂಜಾಲ್, ವಿಮಾನದ ಪೆಟ್ರೋಲ್, ಮೆಥನಾಲ್ ಎಲ್ಲವೂ ಟ್ಯಾಂಕ್ ಸೇರಿದವು. ಯಾರ ಮಿಶ್ರಣದಲ್ಲಿ ಏನಿದೆ ಎನ್ನುವುದು ಗುಟ್ಟು.

ಇವುಗಳಲ್ಲಿ ಬಲ ಇತ್ತಾ? ಹೆಚ್ಚಿನವುಗಳಲ್ಲಿ ಇರಲಿಲ್ಲ. ಒಂದು ಕಿಲೋ ಪೆಟ್ರೋಲ್ ಉರಿದರೆ ಸುಮಾರು 44 ಮೆಗಾಜೂಲ್ ಶಾಖ ಬರುತ್ತದೆ. ಅಸಿಟೋನಿನಲ್ಲಿ ಅದು ಸುಮಾರು 29, ಮೆಥನಾಲಿನಲ್ಲಿ ಬರೀ 20. ಆದರೂ ರೈತರು ಸುಮ್ನೆ ನಂಬಿದ್ದರು ಅನ್ನುವ ಹಾಗಿಲ್ಲ. ಅವರು ಹೋರಾಡುತ್ತಿದ್ದುದು ನಾಕಿಂಗ್ ಜೊತೆ.

ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿದ ಮೇಲೆ ಬೆಂಕಿ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಒತ್ತಡ, ಬಿಸಿ ಜಾಸ್ತಿಯಾದರೆ ದೂರದ ಮೂಲೆಯಲ್ಲಿ ಉಳಿದ ಮಿಶ್ರಣ ಕಾಯದೆ ತಾನಾಗಿ ಸಿಡಿಯುತ್ತದೆ. ಟಕಟಕ ಸದ್ದು ಬರುತ್ತದೆ. ಇದೇ ನಾಕಿಂಗ್. ಹಾಗೇ ಬಿಟ್ಟರೆ ಪಿಸ್ಟನ್ ತೂತಾಗಬಹುದು. ಹಳೆಯ ಟ್ರ್ಯಾಕ್ಟರುಗಳ ಸಿಲಿಂಡರ್ ದೊಡ್ಡದು, ತಿರುಗುವ ವೇಗ ಕಡಿಮೆ. ಬೆಂಕಿ ದೂರ ಸಾಗಬೇಕು, ಅಷ್ಟು ಹೊತ್ತು ಮೂಲೆಯ ಮಿಶ್ರಣ ಬಿಸಿಯಾಗುತ್ತಲೇ ಇರುತ್ತದೆ. ನಾಕಿಂಗಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಇದಕ್ಕೆ ಅಂದಿನವರು ಕಂಡುಕೊಂಡ ಮದ್ದುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನೀರು. ಹಾರ್ಟ್-ಪಾರ್, ರೂಮ್ಲಿ ಆಯಿಲ್‌ಪುಲ್ ಮುಂತಾದ ಸೀಮೆಎಣ್ಣೆ ಟ್ರ್ಯಾಕ್ಟರುಗಳು ಭಾರ ಬಿದ್ದಾಗ ಇಂಧನದ ಜೊತೆ ನೀರನ್ನೂ ಒಳಗೆ ಎಳೆದುಕೊಳ್ಳುತ್ತಿದ್ದವು. ನೀರು ಆವಿಯಾಗುವಾಗ ಬಿಸಿ ಹೀರುತ್ತದೆ, ಟಕಟಕ ನಿಲ್ಲುತ್ತದೆ. ಇಂದಿನ ಪಂದ್ಯದ ದೊಡ್ಡ ಡೀಸೆಲ್ ಇಂಜಿನ್‌ಗಳಿಗೂ ನೀರು ಚಿಮ್ಮಿಸುತ್ತಾರೆ.

ಸೀಮೆಎಣ್ಣೆಗಾಗಿ ಮಾಡಿದ ಆ ಇಂಜಿನ್‌ಗಳು ಮಿಶ್ರಣವನ್ನು ಐದು ಪಟ್ಟಿನಷ್ಟೂ ಒತ್ತುತ್ತಿರಲಿಲ್ಲ. ನಮ್ಮ ಇಂದಿನ ಬೈಕುಗಳು ಒಂಬತ್ತು ಹತ್ತು ಪಟ್ಟು ಒತ್ತುತ್ತವೆ. ಅಷ್ಟು ಸಡಿಲ ಇಂಜಿನ್ನಿಗೆ ಪೆಟ್ರೋಲ್ ಹಾಕಿದರೆ ನಾಕಿಂಗ್ ಬರುವುದೇ ಅಪರೂಪ, ಮದ್ದಿಗೆ ಅಲ್ಲಿ ಕೆಲಸವಿಲ್ಲ. ಕೆಲಸ ಬಂದದ್ದು ರೈತರು ಪಿಸ್ಟನ್ ಬದಲಿಸಿದಾಗ. ಬೆಟ್ಟದ ಮೇಲಿನ ತೆಳು ಗಾಳಿಯ ಊರುಗಳಿಗೆಂದು ಕಂಪನಿಗಳು ಎತ್ತರದ ತಲೆಯ ಪಿಸ್ಟನ್ ಮಾರುತ್ತಿದ್ದವು. ಬಯಲಿನ ರೈತರೂ ಅದನ್ನೇ ತಂದು ಹಾಕಿಕೊಂಡರು. ಒತ್ತಡ ಏರಿತು, ಬಲ ಏರಿತು, ಜೊತೆಗೆ ನಾಕಿಂಗೂ ಬಂತು. ಆಗ ಅಂದಿನ ಕಳಪೆ ಪೆಟ್ರೋಲಿಗೆ ಬೆಂಬಲ ಬೇಕಾಯಿತು. ಬಲ ಕೊಟ್ಟದ್ದು ಪಿಸ್ಟನ್, ಅದನ್ನು ತಡೆದುಕೊಳ್ಳುವಂತೆ ಮಾಡಿದ್ದು ಬಾಟಲಿಯ ಮದ್ದು.

ನುಸಿಗುಳಿಗೆಯ ಕಥೆ ಇಲ್ಲೇ ಅರ್ಥವಾಗುತ್ತದೆ. ಹಳೆಯ ಗುಳಿಗೆ ಎಂದರೆ ನ್ಯಾಫ್ತಲೀನ್. ಅದರ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಶಕ್ತಿಯ ಅಳತೆ, ಸುಮಾರು 90. ಅಂದಿನ ಪೆಟ್ರೋಲ್ 70ರ ಆಸುಪಾಸಿನಲ್ಲಿತ್ತು, ಹಾಗಾಗಿ ಸ್ವಲ್ಪ ಉಪಯೋಗವಾಗುತ್ತಿತ್ತು. ಇಂದು ನಮ್ಮ ಬಂಕಿನ ಪೆಟ್ರೋಲೇ 90 ದಾಟಿದೆ. ಆದರೂ ಬೈಕಿನ ಟ್ಯಾಂಕಿಗೆ ಗುಳಿಗೆ ಹಾಕಿದರೆ ಮೈಲೇಜ್ ಬರುತ್ತದೆ ಎನ್ನುವ ಮಾತು ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ದಯವಿಟ್ಟು ಹಾಕಬೇಡಿ. ಪೆಟ್ರೋಲ್ ಆರಿದಾಗ ನ್ಯಾಫ್ತಲೀನ್ ಹರಳಾಗಿ ಕಾರ್ಬುರೇಟರಿನ ಸಣ್ಣ ರಂಧ್ರದಲ್ಲಿ ಕೂರುತ್ತದೆ. ಇನ್ನು ಈಗ ಸಿಗುವ ಎಷ್ಟೋ ಗುಳಿಗೆಗಳಲ್ಲಿ ನ್ಯಾಫ್ತಲೀನೇ ಇಲ್ಲ, ಕ್ಲೋರಿನ್ ಇರುವ ಬೇರೆ ವಸ್ತು ಇದೆ. ಅದು ಉರಿದರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಲೋಹವನ್ನು ತಿನ್ನುತ್ತದೆ.

ಹಾಗಾದರೆ ಕಡಿಮೆ ಶಾಖದ ಮೆಥನಾಲನ್ನು ಇಂದಿಗೂ ಪಂದ್ಯದ ಟ್ರ್ಯಾಕ್ಟರುಗಳಲ್ಲಿ ಏಕೆ ಉರಿಸುತ್ತಾರೆ? ಇಂಜಿನ್ನಿಗೆ ನಿಜವಾದ ಮಿತಿ ಗಾಳಿಯದು. ಇಂಧನ ಎಷ್ಟು ಬೇಕಾದರೂ ಸುರಿಯಬಹುದು, ಒಳಗೆ ಹೋಗುವ ಗಾಳಿ ಮಾತ್ರ ಅಷ್ಟೇ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು. ಮೆಥನಾಲಿಗೆ 6.4 ಕಿಲೋ ಸಾಕು, ಅದರಲ್ಲಿ ಆಮ್ಲಜನಕ ಮೊದಲೇ ಇದೆ. ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಮೆಥನಾಲ್ ಉರಿಸಬಹುದು. ಶಾಖದ ಲೆಕ್ಕ ಪೆಟ್ರೋಲಿಗಿಂತ ತುಸು ಮೇಲೆಯೇ ನಿಲ್ಲುತ್ತದೆ. ದೊಡ್ಡ ಲಾಭ ಬೇರೆಯೇ ಇದೆ: ಅಷ್ಟು ಮೆಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಏಳು ಪಟ್ಟು ಬಿಸಿ ಹೀರುತ್ತದೆ. ಹಳೆಯ ನೀರಿನ ಕೆಲಸವನ್ನು ಇಲ್ಲಿ ಇಂಧನವೇ ಮಾಡುತ್ತದೆ. ರೇಸ್ ಕಾರುಗಳಲ್ಲಿ ಉರಿಸುವ ನೈಟ್ರೋಮೀಥೇನಿಗೆ 1.7 ಕಿಲೋ ಗಾಳಿಯೇ ಸಾಕು, ಅಷ್ಟೇ ಗಾಳಿಯಲ್ಲಿ ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು ಶಾಖ. ಆದರೆ ಕಾರ್ಬುರೇಟರ್ ಬದಲಿಸದೆ ಇವನ್ನು ಸುರಿದರೆ ಇಂಧನ ಸಾಲದೆ ಇಂಜಿನ್ ಸುಡುತ್ತದೆ. ಮೆಥನಾಲ್ ಬೆಂಕಿ ಹಗಲಿನಲ್ಲಿ ಕಣ್ಣಿಗೇ ಕಾಣುವುದಿಲ್ಲ, ಅದು ಇನ್ನೊಂದು ಭಯ.

ಅಪಾಯ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಬೆಂಜಾಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ. ವಿಮಾನದ ಪೆಟ್ರೋಲಿನಲ್ಲಿ ನಾಕಿಂಗ್ ತಡೆಯಲು ಸೇರಿಸಿದ ಸೀಸ ಇತ್ತು. ಆ ಸೀಸದ ಮದ್ದನ್ನು 1921ರಲ್ಲಿ ಅಮೆರಿಕದ ಇಂಜಿನಿಯರ್ ಥಾಮಸ್ ಮಿಡ್ಜ್ಲಿ ಕಂಡುಹಿಡಿದದ್ದೂ ಓಹಾಯೋದಲ್ಲೇ, ಡೇಟನ್ ಊರಿನಲ್ಲಿ. ಭಾರತದ ಬಂಕುಗಳಿಂದ ಅದು ಪೂರ್ತಿ ಹೋದದ್ದು 2000ದಲ್ಲಿ.

ನಮ್ಮ ಹೊಲದ ಟ್ರ್ಯಾಕ್ಟರುಗಳು ಡೀಸೆಲಿನವು. ಅಲ್ಲಿ ಲೆಕ್ಕವೇ ತಲೆಕೆಳಗು. ಡೀಸೆಲ್‌ಗೆ ಕಿಡಿ ಇಲ್ಲ, ಒತ್ತಡಕ್ಕೆ ತಾನಾಗಿ ಬೇಗ ಹೊತ್ತಿಕೊಳ್ಳಬೇಕು. ಪೆಟ್ರೋಲಿನಲ್ಲಿ ಯಾವ ಗುಣ ಬೇಡವೋ ಅದೇ ಇಲ್ಲಿ ಬೇಕು. ಆ ಗುಣವನ್ನು ಅಳೆಯುವ ಸೀಟೇನ್ ಮಾಪಕ ಮಾಡಿದಾಗ ಸೊನ್ನೆಯ ಜಾಗಕ್ಕೆ, ಅಂದರೆ ಹೊತ್ತಿಕೊಳ್ಳಲು ತೀರಾ ಒಲ್ಲದ ವಸ್ತುವಾಗಿ, ಮೀಥೈಲ್ ನ್ಯಾಫ್ತಲೀನನ್ನು ಇಟ್ಟರು. ಅದು ನುಸಿಗುಳಿಗೆಯ ಹತ್ತಿರದ ನೆಂಟ.