ಒಂದೇ ಚರ್ಚಿನಲ್ಲಿ ಎರಡು ಬಲಿಪೀಠ ಯಾಕೆ?

ಪ್ರಶ್ನೆ: ಕೊಡಗಿನಲ್ಲಿ ಗೆಳತಿಯ ಮದುವೆಗೆಂದು ಚರ್ಚಿಗೆ ಹೋಗಿದ್ದೆ. ಹಿಂಗೋಡೆಗೆ ಆತುಕೊಂಡು ಕೆತ್ತನೆಯ ದೊಡ್ಡ ಪೀಠ, ಅದರ ಮುಂದೆ ಮೇಜಿನಂಥ ಇನ್ನೊಂದು. ಫಾದರ್ ಪೂಜೆ ಮಾಡಿದ್ದು ಮೇಜಿನ ಮೇಲೆ. ಅಷ್ಟು ಚೆಂದದ್ದು ಸುಮ್ಮನೆ ನಿಂತಿದೆಯಲ್ಲ?

ಉತ್ತರ: ಅದು ಸುಮ್ಮನೆ ನಿಂತದ್ದಲ್ಲ, ನಿವೃತ್ತಿಯಾದದ್ದು. 1960ರ ದಶಕದವರೆಗೆ ಬಲಿಪೂಜೆ (ಇಂಗ್ಲಿಷಿನಲ್ಲಿ ಮಾಸ್) ನಡೆಯುತ್ತಿದ್ದುದು ಅಲ್ಲೇ, ಲ್ಯಾಟಿನ್ ಭಾಷೆಯಲ್ಲಿ. ಗುರುಗಳು ಜನರಿಗೆ ಬೆನ್ನು ಹಾಕುತ್ತಿದ್ದರು ಎಂದು ಈಗ ಆಡಿಕೊಳ್ಳುವವರಿದ್ದಾರೆ. ಗುರುಗಳೂ ಜನರೂ ಒಂದೇ ದಿಕ್ಕಿಗೆ ತಿರುಗಿ ಪ್ರಾರ್ಥಿಸುತ್ತಿದ್ದರು ಎನ್ನುವುದೇ ಸರಿ.

ಹಾಗಾಗಿ ಕಟ್ಟಿದವರ ಕೈಚಳಕವೆಲ್ಲ ಆ ಗೋಡೆಗೇ ಸಲ್ಲುತ್ತಿತ್ತು. ನಡುವೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಇಡುವ ಪೆಟ್ಟಿಗೆ, ಅಕ್ಕಪಕ್ಕ ಮೆಟ್ಟಿಲು ಮೆಟ್ಟಿಲಾಗಿ ಮೇಣದಬತ್ತಿ, ಮೇಲೆ ಚೂಪು ಕಮಾನಿನ ಗೂಡುಗಳಲ್ಲಿ ಸಂತರು. ಚರ್ಚು ಯಾರ ಹೆಸರಿನದೋ ಅವರಿಗೆ ಸಾಮಾನ್ಯವಾಗಿ ಎದ್ದು ಕಾಣುವ ಗೂಡು. ಉದಾಹರಣೆಗೆ, ಕೊಡಗಿನದೇ ವಿರಾಜಪೇಟೆಯ ಚರ್ಚು ಸಂತ ಅನ್ನಮ್ಮನವರದು. ಮರಿಯಮ್ಮನವರ ತಾಯಿ ಅಂದರೆ ಯೇಸುವಿಗೆ ಅಜ್ಜಿ. ಪುಟ್ಟ ಮಗಳಿಗೆ ಓದು ಕಲಿಸುತ್ತಿರುವ ಹೆಂಗಸಿನ ಪ್ರತಿಮೆ ಎಲ್ಲಿ ಕಂಡರೂ ಅವರೇ ಎಂದುಕೊಳ್ಳಿ. ಅವರ ಹಬ್ಬ ಜುಲೈ 26, ನಮ್ಮಲ್ಲಿ ಜಡಿಮಳೆಯ ಕಾಲ!

ಬದಲಾವಣೆ ತಂದದ್ದು 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಕ್ಯಾಥೊಲಿಕ್ ಬಿಷಪರ ಸಭೆ. ಪೂಜೆಯಲ್ಲಿ ಜನರೂ ಪೂರ್ತಿ ಪಾಲ್ಗೊಳ್ಳಬೇಕು ಎಂದು ಅದು ಹೇಳಿತು, ಆಡುಭಾಷೆಗಳಿಗೆ ಬಾಗಿಲು ತೆರೆಯಿತು. ಪೀಠವನ್ನು ಗೋಡೆಯಿಂದ ಬಿಡಿಸಿ, ಸುತ್ತ ಓಡಾಡುವಂತೆ, ಜನರತ್ತ ಮುಖ ಮಾಡಿ ಪೂಜಿಸುವಂತೆ ಇಡುವುದು ಒಳ್ಳೆಯದು ಎಂಬ ಮಾತು ಮಾತ್ರ ಮಹಾಸಭೆಯ ನಿರ್ಣಯದಲ್ಲಿಲ್ಲ. ಅದು ಬಂದದ್ದು ರೋಮಿನಿಂದ ಹೊರಟ 1964ರ ಸೂಚನಾಪತ್ರದಲ್ಲಿ. ಹಳೆಯದನ್ನು ಒಡೆಯಿರಿ ಎಂದು ಅದೂ ಹೇಳಲಿಲ್ಲ. ಆದರೂ ಆ ಉತ್ಸಾಹದಲ್ಲಿ ಎಷ್ಟೋ ದೇಶಗಳಲ್ಲಿ ಹಳೆಯ ಪೀಠಗಳು ನೆಲಕಚ್ಚಿದವು. ನೀವು ನೋಡಿದ ಊರಿನವರು ಉಳಿಸಿಕೊಂಡರಲ್ಲ, ನನ್ನ ಮಟ್ಟಿಗೆ ಅದೇ ಜಾಣತನ. ಈಗಿನ ಭಯ ಒಡೆಯುವವರದಲ್ಲ, ಹಬ್ಬ ಬಂತೆಂದು ಹಳೆ ಪೀಠದ ಮರಕ್ಕೆ ಬಂಗಾರದ ಬಣ್ಣ ಬಳಿಯುವವರದು.

ಚರ್ಚಿನ ನಿಯಮದ ಲೆಕ್ಕದಲ್ಲಿ ಪೂಜೆಗೆ ಪೀಠ ಒಂದೇ, ಮುಂದಿನದು. ಫಾದರ್ ಬಂದವರೇ ಬಾಗಿ ಮುತ್ತಿಡುವುದೂ ಅದಕ್ಕೇ. ಜನರ ಕಣ್ಣು ಅತ್ತಿತ್ತ ಹರಿಯದಿರಲಿ ಎಂದು ಹಳೆಯದಕ್ಕೆ ವಿಶೇಷ ಅಲಂಕಾರ ಬೇಡ ಎಂದೂ ಇದೆ. ಮದುವೆಯಲ್ಲಿ ಹೂವಿನವರಿಗೆ ಇದನ್ನು ಹೇಳಿ ನೋಡಿ!

ಆದರೂ ಹಲವು ಕಡೆ ಪ್ರಸಾದ ಪೆಟ್ಟಿಗೆ ಹಳೆಯ ಪೀಠದಲ್ಲೇ ಉಳಿದಿದೆ. ಗುರುತು ಹಿಡಿಯುವುದು ಸುಲಭ: ಹತ್ತಿರದಲ್ಲಿ ನಂದಾದೀಪದಂತೆ ಸದಾ ಉರಿಯುವ, ಹೆಚ್ಚಾಗಿ ಕೆಂಪು ಗಾಜಿನ ದೀಪ. ಒಳಗೆ ಪರಮಪ್ರಸಾದ ಇದೆ ಎಂದು ಅದರ ಅರ್ಥ. ಹಳಬರು ಬೆಂಚಿಗೆ ಹೋಗುವ ಮೊದಲು ಮೊಣಕಾಲೂರುವುದು ಅದಕ್ಕೇ, ಕೆತ್ತನೆಗಲ್ಲ. ಶುಭ ಶುಕ್ರವಾರ ಹೋದರೆ ದೀಪ ಆರಿರುತ್ತದೆ, ಪೆಟ್ಟಿಗೆ ಬರಿದಾಗಿರುತ್ತದೆ, ಮುಂದಿನ ಪೀಠದ ಮೇಲೆ ಬಟ್ಟೆಯೂ ಇರುವುದಿಲ್ಲ.