ಮಳೆಗಾಲದಲ್ಲೂ ನಿಲ್ಲದ ಕಂತು: ಸಂಘದ ಸಾಲ ಸುಗ್ರೀವಾಜ್ಞೆಗೆ ಮುಟ್ಟಿದ ಬಗೆ

ಚಿಕ್ಕಮಗಳೂರು, ಸಕಲೇಶಪುರ ಕಡೆಯ ಕಾಫಿ ತೋಟದ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲು ಮನೆಗಳಲ್ಲಿ) ‘ಸಂಘ’ ಅಂದರೆ ಈಗ ಸಾಲ ಅಂತಲೇ ಅರ್ಥ. ವಾರಕ್ಕೊಮ್ಮೆ ಕಂತು. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಬೆದರಿಸಿ ಸಾಲ ವಸೂಲಿ ಮಾಡುವುದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ತರುವ ಮಟ್ಟಕ್ಕೆ ಇದು ಬಂದದ್ದು ಹೇಗೆ?

ಸಾಲಕ್ಕೂ ಓಟಿಗೂ ನಂಟು ಹಳೆಯದು. 1969ರಲ್ಲಿ ಇಂದಿರಾ ಗಾಂಧಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. 1976ರಲ್ಲಿ ದೇವರಾಜ ಅರಸು ಸರ್ಕಾರ ಬಡವರ ಹಳೆಯ ಸಾಲ ತೀರಿತು ಎನ್ನುವ ಋಣ ಪರಿಹಾರ ಕಾಯ್ದೆ ತಂದಿತು. ಉತ್ತರ ಭಾರತ ಕೈಬಿಟ್ಟಿದ್ದ ಇಂದಿರಾ ಅವರನ್ನು 1978ರಲ್ಲಿ ಗೆಲ್ಲಿಸಿದ್ದು ಇದೇ ಚಿಕ್ಕಮಗಳೂರು. ಸಾಲವೊಂದೇ ಕಾರಣ ಅಂತಲ್ಲ, ಆದರೂ ಸಾಹುಕಾರನ ಬಾಗಿಲು ತಪ್ಪಿತಲ್ಲ ಎಂಬ ನೆಮ್ಮದಿ ಸಣ್ಣದಲ್ಲ. 1991ರ ನಂತರ ಬ್ಯಾಂಕುಗಳಿಗೆ ಲಾಭದ ಲೆಕ್ಕ ಮುಖ್ಯವಾಯಿತು. ಅಡ ಇಡಲು ಏನೂ ಇಲ್ಲದವರ ಹತ್ತಿರ ಮೈಕ್ರೋಫೈನಾನ್ಸ್, ಅಂದರೆ ಅಡಮಾನ ಕೇಳದೆ ಸಣ್ಣ ಸಾಲ ಕೊಡುವ ಕಂಪನಿಗಳು ಬಂದವು.

2010ರಲ್ಲಿ ಆಂಧ್ರದಲ್ಲಿ ಕಿರುಕುಳದ ದೂರು ಜಾಸ್ತಿಯಾಗಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮರುಪಾವತಿ ಕುಸಿಯಿತು, ಹೊಸ ಸಾಲವೂ ನಿಂತಿತು. ಇಂಥ ಆಜ್ಞೆ ಅಂದರೆ ಸಾಲ ಕೊಡುವವರು ಅಳುಕುವುದಕ್ಕೂ ಕಾರಣ ಇದೆ, ಅಲ್ವಾ? ಮರುವರ್ಷ ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಬಡ್ಡಿಗೆ ಮಿತಿ ಹಾಕಿತು.

2022ರ ಏಪ್ರಿಲ್‌ನಿಂದ ಆ ಮಿತಿ ಹೋಯಿತು. ಬದಲಿಗೆ, ಒಂದು ಮನೆಯ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬ ನಿಯಮ ಬಂತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ತೋಟದ ಕೂಲಿಯವರ ತಿಂಗಳ ಆದಾಯ ಅಂದರೆ ಯಾವ ತಿಂಗಳದ್ದು? ಕಾಫಿ ಕೊಯ್ಲಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಕೈಯಲ್ಲಿ ನಾಲ್ಕು ಕಾಸು. ಜುಲೈ ಮಳೆ ಹಿಡಿದರೆ ಕೆಲಸ ಸಿಕ್ಕ ದಿನ ಸಿಕ್ಕಿತು. ಕಂತಿಗೆ ಮಳೆ ಗೊತ್ತಿಲ್ಲ. ಆಗ ಒಂದು ಸಾಲಕ್ಕೆ ಇನ್ನೊಂದು ಸಾಲ, ಅದಕ್ಕೊಂದು ಕೈಸಾಲ. ಕೈಸಾಲ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. 2018ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಮನ್ನಾ ಕೂಡ ಬೆಳೆ ಸಾಲಕ್ಕೆ. ಪಹಣಿಯೇ ಇಲ್ಲದ ಲೈನ್ ಮನೆಗೆ ಅದು ಪಕ್ಕದ ಮನೆಯ ಹಬ್ಬ.

2025ರ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಫೆಬ್ರವರಿ 12ರಂದು ಒಪ್ಪಿದರು. ಬೆದರಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನೋಂದಣಿ ಇಲ್ಲದವರು ಕೊಟ್ಟ ಸಾಲ ರದ್ದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಗಳ ಬಡ್ಡಿ ಎಷ್ಟಿರಬೇಕು ಎಂಬುದು ಮಾತ್ರ ವಿಧಾನಸೌಧದ ಕೈಯಲ್ಲಿಲ್ಲ.